ನಿಮಗಿದು ಗೊತ್ತೇ? ನೆಲದ ಎತ್ತರ, ಬೆಳಕಿನ ಅಳತೆ

ಹಿಂಗಣಾದ ಮಳೆ ಎಲ್ಲಿಗೆ ಹೋಗುತ್ತದೆ? ನಾಗಪುರದ ಮಗ್ಗುಲಿನ ಈ ತಾಲ್ಲೂಕಿನ ನೀರು ವೇಣಾ, ವರ್ಧಾ, ಪ್ರಾಣಹಿತಾ ದಾಟಿ, ಗೋದಾವರಿ ಕೂಡಿ ಆಂಧ್ರದ ಕರಾವಳಿಯ ಮುಖಜಭೂಮಿಗೆ ಇಳಿಯುತ್ತದೆ. ನಾಗಪುರ ಸಮುದ್ರಮಟ್ಟಕ್ಕಿಂತ ಸುಮಾರು 300 ಮೀಟರ್ ಮೇಲಿದೆ. ಇಲ್ಲಿ ಒಂದು ಮೀಟರ್ ಆಚೀಚೆಯಾದರೆ ಕೇಳುವವರಿಲ್ಲ. ಮುಖಜಭೂಮಿಯಲ್ಲಿ ಅದೇ ಒಂದು ಮೀಟರ್ ಊರಿನ ಅಳಿವು ಉಳಿವಿನ ಲೆಕ್ಕ.

ವಿಯೆಟ್ನಾಂನ ಮೆಕಾಂಗ್ ಮುಖಜಭೂಮಿಯನ್ನೇ ನೋಡಿ. ಉಪಗ್ರಹ ಆಧಾರಿತ ನಕ್ಷೆಗಳು ಅದರ ಸರಾಸರಿ ಎತ್ತರ 2.6 ಮೀಟರ್ ಎನ್ನುತ್ತಿದ್ದವು. ನೆಲದ ಅಳತೆಗಳನ್ನು ಕೂಡಿಸಿ 2019ರಲ್ಲಿ ಲೆಕ್ಕ ಹಾಕಿದಾಗ ಸಿಕ್ಕಿದ್ದು ಬರೀ 0.8! ಅಂಥ ನಕ್ಷೆಗಳಿಗೆ ಅಂಕಿ ಒದಗಿಸಿದ, 2000ದ ಫೆಬ್ರವರಿಯಲ್ಲಿ 11 ದಿನ ಭೂಮಿ ಸುತ್ತಿದ ಎಂಡೆವರ್ ಬಾಹ್ಯಾಕಾಶ ನೌಕೆಯ ರಾಡಾರ್ ಎಷ್ಟೋ ಕಡೆ ಮರದ ತಲೆ, ಮನೆಯ ಸೂರುಗಳನ್ನೂ ನೆಲದ ಲೆಕ್ಕಕ್ಕೆ ಸೇರಿಸಿತ್ತು.

ವಿಮಾನದಿಂದ ಲೇಸರ್ ಬಿಟ್ಟು ಅಳೆಯುವ ಲೈಡಾರ್ ಇಲ್ಲಿ ಹೆಚ್ಚು ಚುರುಕು. ಒಂದೇ ಮಿಡಿತ ಎಲೆಗೆ ಬಡಿದು ಒಮ್ಮೆ, ಕೊಂಬೆಗೆ ಬಡಿದು ಇನ್ನೊಮ್ಮೆ, ಸಂದಿಯಲ್ಲಿ ನುಸುಳಿ ನೆಲ ಮುಟ್ಟಿ ಮತ್ತೊಮ್ಮೆ ಮರಳುತ್ತದೆ. ಹೋಗಿಬರುವ ಸಮಯದಲ್ಲಿ ಸೆಕೆಂಡಿನ ನೂರು ಕೋಟಿಯ ಒಂದು ಪಾಲು ತಪ್ಪಿದರೆ ಎತ್ತರದಲ್ಲಿ 15 ಸೆಂ.ಮೀ. ತಪ್ಪು. ದಟ್ಟ ಪೈರಿನ ಗದ್ದೆಯಲ್ಲಿ ಮಾತ್ರ ಇದೂ ಏಮಾರುವುದುಂಟು. ಸಾಮಾನ್ಯ ಅತಿಗೆಂಪು ಲೇಸರನ್ನು ನೀರು ನುಂಗಿಬಿಡುತ್ತದೆ. ಹೊಳೆಯ ತಳ ಬೇಕೆಂದರೆ ಹಸಿರು ಲೇಸರೇ ಆಗಬೇಕು.

ನಾಗಪುರದಿಂದ ಮುಂಬೈಗೆ ಹೋಗುವ ಸಮೃದ್ಧಿ ಹೆದ್ದಾರಿ ಶುರುವಾಗುವುದು ಹಿಂಗಣಾ ತಾಲ್ಲೂಕಿನ ಶಿವಮಡಕಾದಲ್ಲಿ. ಇದೇ ಎರಡು ನಗರಗಳ ನಡುವಿನ ಬುಲೆಟ್ ರೈಲಿನ ಯೋಜನೆಗಾಗಿ 2021ರ ಮಾರ್ಚ್‌ನಲ್ಲಿ ಲೈಡಾರ್ ಸಮೀಕ್ಷೆ ಶುರುವಾಯಿತು. ಇದಕ್ಕೂ ಮೊದಲು ಮುಂಬೈ-ಅಹಮದಾಬಾದ್ ಮಾರ್ಗದಲ್ಲಿ 10–12 ತಿಂಗಳು ಹಿಡಿಯಬೇಕಿದ್ದ ಅಳತೆ 12 ವಾರಗಳಲ್ಲಿ ಮುಗಿದಿತ್ತು.

ಬ್ರಿಟಿಷ್ ಭೂಮಾಪಕ ವಿಲಿಯಂ ಲ್ಯಾಂಬ್ಟನ್ ಈ ವೇಗವನ್ನು ಕಂಡಿದ್ದರೆ! 1800ರಲ್ಲಿ ಬೆಂಗಳೂರಿನ ಕೃಷ್ಣರಾಜಪುರದಿಂದ ಅಗರದವರೆಗೆ, ಸುಮಾರು 12 ಕಿ.ಮೀ. ಉದ್ದಕ್ಕೂ ಉಕ್ಕಿನ ಸರಪಳಿ ಹಾಸಿ ಅಳೆದವನು ಆತ. ಮುಂದೆ ಮಹಾ ತ್ರಿಕೋನಮಿತಿ ಸಮೀಕ್ಷೆಯ ಮುಖ್ಯಸ್ಥನಾಗಿ ಉತ್ತರಕ್ಕೆ ಸಾಗಿ, ನಾಗಪುರದ ದಾರಿಯಲ್ಲಿ 1823ರ ಜನವರಿ 20ರಂದು ತೀರಿಕೊಂಡ. ಸತ್ತದ್ದು ಅದೇ ವೇಣಾ ದಂಡೆಯ ಹಿಂಗಣಘಾಟ್‌ನಲ್ಲಿ. ಹಿಂಗಣಾ ಬೇರೆ, ಅದು ಬೇರೆ.

ನಾಗಪುರದ ‘ಝೀರೋ ಮೈಲ್’ ಕಂಬದ ಬಳಿಯ 1907ರ ಸರ್ವೆ ಕಲ್ಲು ಸಮುದ್ರಮಟ್ಟದಿಂದ 1020.171 ಅಡಿ ಎತ್ತರದಲ್ಲಿದೆ. ಆದರೆ ಸಮುದ್ರಮಟ್ಟವೇ ಎಲ್ಲೆಡೆ ಸಮವಲ್ಲ! ಜಿಪಿಎಸ್ ಬಳಸುವ ನುಣುಪು ಭೂಮಿಯ ಲೆಕ್ಕಕ್ಕಿಂತ ಶ್ರೀಲಂಕಾದ ದಕ್ಷಿಣಕ್ಕೆ ಅದು ಸುಮಾರು 106 ಮೀಟರ್ ಕೆಳಗಿದೆ. ವಿಮಾನದ ಲೇಸರ್ ಅಂಕಿಗಳಲ್ಲೂ ಇಂಥ ವ್ಯತ್ಯಾಸವನ್ನು ಸರಿದೂಗಿಸಲೇಬೇಕು. ಆ ತಗ್ಗಿಗೆ ಭೂಗರ್ಭದ ಬಿಸಿಯಾದ, ಹಗುರ ದ್ರವ್ಯ ಕಾರಣವೆಂದು 2023ರಲ್ಲಿ ವಿವರಿಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು.