ನಿಮಗಿದು ಗೊತ್ತೇ? ತೋಳಿನ ಮೂಳೆಗೊಂದು ಮುಳ್ಳು

● ಮೊಣಕೈಯ ಒಳಮಗ್ಗುಲನ್ನು ಮುಟ್ಟಿ ನೋಡಿಕೊಳ್ಳಿ, ಗಟ್ಟಿಯಾದ ಗಂಟೊಂದು ಸಿಗುತ್ತದೆ. ಅದಕ್ಕಿಂತ ಐದಾರು ಸೆಂಟಿಮೀಟರ್ ಮೇಲೆ, ತೋಳಿನ ಮೂಳೆಯ ಮುಂಬದಿಯಲ್ಲಿ ಕೆಲವರಿಗೆ ಪುಟ್ಟದೊಂದು ಮೂಳೆಮುಳ್ಳು ಇರುತ್ತದೆ. ನೂರರಲ್ಲಿ ಸುಮಾರು ಒಬ್ಬರಿಗೆ. ಉದ್ದ 2ರಿಂದ 20 ಮಿಲಿಮೀಟರ್. ಇರುವವರಲ್ಲಿ ಬಹಳಷ್ಟು ಜನರಿಗೆ ಅದರ ಸುಳಿವೇ ಇರುವುದಿಲ್ಲ.

● ಮುಳ್ಳಿನ ತುದಿಯಿಂದ ಆ ಗಂಟಿನವರೆಗೆ ನಾರಿನ ಪಟ್ಟಿಯೊಂದು ಬಿಗಿದುಕೊಂಡಿರುವುದುಂಟು. ಸ್ಕಾಟ್ಲೆಂಡಿನ ಅಂಗರಚನಾಶಾಸ್ತ್ರಜ್ಞ ಜಾನ್ ಸ್ಟ್ರದರ್ಸ್ 19ನೇ ಶತಮಾನದ ನಡುಭಾಗದಲ್ಲಿ ಇದನ್ನು ವಿವರಿಸಿದರು. ಪಟ್ಟಿಗೆ ಇಂದಿಗೂ ಅವರದೇ ಹೆಸರು.

● ಬೆಕ್ಕಿಗೆ ಅದೇ ಜಾಗದಲ್ಲಿ ಮೂಳೆಯದೇ ಕಿಂಡಿಯಿದೆ. ಮುಂಗಾಲಿನ ಮುಖ್ಯ ನರ, ರಕ್ತನಾಳ ಎರಡೂ ಅದರೊಳಗಿಂದಲೇ ಹಾಯುತ್ತವೆ. ಮನುಷ್ಯನಲ್ಲಿ ಉಳಿದಿರುವುದು ಆ ಕಿಂಡಿಯ ಕುರುಹು ಎಂದು ಚಾರ್ಲ್ಸ್ ಡಾರ್ವಿನ್ 1871ರ 'ದಿ ಡಿಸೆಂಟ್ ಆಫ್ ಮ್ಯಾನ್'ನಲ್ಲಿ ವಾದಿಸಿದ. ಒಬ್ಬ ತಂದೆಗೂ ಅವನ ಏಳು ಮಕ್ಕಳಲ್ಲಿ ನಾಲ್ವರಿಗೂ ಈ ಮುಳ್ಳು ಇದ್ದದ್ದನ್ನು ಸ್ಟ್ರದರ್ಸ್ ಕಂಡಿದ್ದರು; ಡಾರ್ವಿನ್ ಮುಂದಿನ ಆವೃತ್ತಿಯಲ್ಲಿ ಅದನ್ನೂ ದಾಖಲಿಸಿದ್ದಾನೆ. ವಿಕಾಸದ ಇಷ್ಟು ಸ್ಪಷ್ಟ ಸಾಕ್ಷಿ ನಮ್ಮ ತೋಳಿನಲ್ಲೇ ಇರುವುದು ನಿಜಕ್ಕೂ ಅಚ್ಚರಿ.

● ತೊಂದರೆ ಬರುವುದು ಆ ನಾರುಪಟ್ಟಿಯಡಿ ತೋಳಿನಿಂದ ಬೆರಳುಗಳಿಗೆ ಸಾಗುವ ಮೀಡಿಯನ್ ನರ ಸಿಕ್ಕಿಕೊಂಡಾಗ. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ಜೋಮು; ಹಿಡಿತ ಸಡಿಲ. ಇದೇ ನರ ಮಣಿಕಟ್ಟಿನಲ್ಲಿ ಒತ್ತಿಕೊಂಡರೂ ಬೆರಳಿಗೆ ಜೋಮು ಹಿಡಿಯುತ್ತದೆ. ಹಾಗಾಗಿ ಎಲ್ಲರ ಗಮನ ಮೊದಲು ಹೋಗುವುದು ಮಣಿಕಟ್ಟಿನ ಕಡೆಗೇ. ಅಲ್ಲಿ ಚಿಕಿತ್ಸೆಯಾಗಿಯೂ ಗುಣ ಕಾಣದಿದ್ದರೆ ಮೊಣಕೈ ಮೇಲ್ಭಾಗವನ್ನೂ ಪರೀಕ್ಷಿಸಲೇಬೇಕು. ನೇರವಾಗಿ ತೆಗೆದ ಎಕ್ಸ್‌ರೇಯಲ್ಲಿ ಮುಳ್ಳು ಮರೆಯಾಗಬಹುದು, ತೋಳನ್ನು ಓರೆಯಾಗಿಟ್ಟು ತೆಗೆದರೆ ಕಾಣುತ್ತದೆ. ಕಾಟ ಕೊಡುತ್ತಿದ್ದರೆ ಶಸ್ತ್ರಚಿಕಿತ್ಸೆಯಲ್ಲಿ ಮುಳ್ಳನ್ನೂ ಪಟ್ಟಿಯನ್ನೂ ತೆಗೆದುಬಿಡುತ್ತಾರೆ.

● ಎಕ್ಸ್‌ರೇ ನೋಡಿ ಗಡ್ಡೆಯೆಂದು ಗಾಬರಿಯಾಗುವುದೂ ಇದೆ. ಮೂಳೆ-ಮೃದ್ವಸ್ಥಿಯ ಸಾಮಾನ್ಯ ಗಡ್ಡೆ ಕೀಲಿನಿಂದ ಆಚೆಗೆ ಮುಖಮಾಡಿ ಬೆಳೆಯುತ್ತದೆ. ಈ ಮುಳ್ಳಿನ ಮೊನೆ ಮಾತ್ರ ಮೊಣಕೈ ಕಡೆಗೇ.

● ಇನ್ನು ಕೆಲವರ ತೋಳಿನ ಮೂಳೆಯ ಕೆಳತುದಿಯಲ್ಲಿ ಆರಪಾರ ತೂತೇ ಇರುತ್ತದೆ! ಅಲ್ಲಿ ಹಿಂದೊಂದು, ಮುಂದೊಂದು ಗುಳಿಯಿದ್ದು, ನಡುವಿನ ತೆಳು ಮೂಳೆಗೋಡೆ ಇಲ್ಲವಾದಾಗ ತೂತಾಗುತ್ತದೆ. ಹೆಂಗಸರಲ್ಲಿ, ಅದರಲ್ಲೂ ಎಡಗೈಯಲ್ಲಿ ಹೆಚ್ಚು. ಇದರಲ್ಲಿ ನರವಾಗಲಿ ರಕ್ತನಾಳವಾಗಲಿ ಹಾಯುವುದಿಲ್ಲ, ನೋವೂ ಇಲ್ಲ. ಆದರೆ ಇಂಥವರ ಮೂಳೆಯೊಳಗಿನ ಮಜ್ಜೆಯ ನಾಳ ಕೆಳಗೆ ಕಿರಿದಾಗಿರುವುದುಂಟು; ಮುರಿದಾಗ ರಾಡ್ ಹಾಕುವ ವೈದ್ಯರು ಅದನ್ನು ಮೊದಲೇ ನೋಡಿಕೊಳ್ಳಬೇಕಾಗುತ್ತದೆ.