ಪರೀಕ್ಷಾರ್ಥ ತಂತ್ರಾಂಶವೂ ವರ್ತಕರ ಮೊಬೈಲ್ ಬ್ಯಾಟರಿಯೂ

ದಾವಣಗೆರೆ–ಹರಿಹರ ಅವಳಿ ನಗರಗಳ ವ್ಯಾಪಾರ ವಹಿವಾಟು ಇಂದು ಬಹುಮಟ್ಟಿಗೆ ಸ್ಮಾರ್ಟ್‌ಫೋನನ್ನು ಅವಲಂಬಿಸಿದೆ. 2016ರಲ್ಲಿ ಯುಪಿಐ ವ್ಯವಸ್ಥೆ ಜಾರಿಗೆ ಬಂದ ನಂತರ ವಿದ್ಯಾನಗರದ ಕಿರಾಣಿ ಅಂಗಡಿಗಳಲ್ಲಿಯೂ ಗ್ರಾಹಕರು ಕ್ಯೂಆರ್ ಫಲಕಕ್ಕೆ ಹಣ ಪಾವತಿಸುವುದು ರೂಢಿಯಾಗಿದೆ. ಫೋನ್ ಆರಿದ್ದರೂ ಹಣ ಖಾತೆಗೆ ಜಮೆಯಾಗುತ್ತದೆ. ಆದರೆ ಜಮೆಯಾಯಿತೇ ಎಂದು ಖಚಿತಪಡಿಸಿಕೊಳ್ಳಲು ಹೆಚ್ಚಿನವರಿಗೆ ಫೋನೇ ಬೇಕು.

ಸರಕು ಸಾಗಾಣಿಕೆಯ ವಿಷಯ ಇನ್ನೂ ಗಂಭೀರವಾದುದು. ರಾಜ್ಯದೊಳಗಿನ ಸಾಗಾಣಿಕೆಗೂ 2018ರ ಏಪ್ರಿಲ್ 1ರಿಂದಲೇ ಇ-ವೇ ಬಿಲ್ ಜಾರಿಗೊಳಿಸಿದ ಮೊದಲ ರಾಜ್ಯ ಕರ್ನಾಟಕ. 2025ರ ಏಪ್ರಿಲ್ 1ರಿಂದ ಈ ಜಾಲತಾಣವನ್ನು ಪ್ರವೇಶಿಸಲು ಎಲ್ಲ ತೆರಿಗೆದಾರರಿಗೂ ಪಾಸ್‌ವರ್ಡ್ ಜೊತೆಗೆ ಒಟಿಪಿ ಕಡ್ಡಾಯವಾಗಿದೆ. ಸರಕು ತುಂಬಿದ ಲಾರಿ ಗೋದಾಮಿನ ಮುಂದೆ ನಿಂತಿರುವಾಗ ಒಟಿಪಿ ಬರಬೇಕಾದ ಫೋನ್ ಆರಿಹೋದರೆ, ಅದರ ನಷ್ಟ ಒಂದು ಬ್ಯಾಟರಿಯ ಬೆಲೆಗೆ ಸೀಮಿತವಾಗುವುದಿಲ್ಲ.

ಬೀಟಾ ಎಂದರೇನು?

ತಯಾರಕರು ಹೊಸ ತಂತ್ರಾಂಶವನ್ನು ಅಂತಿಮಗೊಳಿಸುವ ಮೊದಲು, ದೋಷಗಳನ್ನು ಕಂಡುಹಿಡಿಯುವ ಸಲುವಾಗಿ ಇಚ್ಛೆಯುಳ್ಳ ಬಳಕೆದಾರರಿಗೆ ಉಚಿತವಾಗಿ ನೀಡುವ ಆವೃತ್ತಿಯೇ ಬೀಟಾ. ಆಪಲ್ ಸಂಸ್ಥೆಯು 2015ರಲ್ಲಿ ಐಫೋನಿನ ಬೀಟಾ ಆವೃತ್ತಿಯನ್ನು ಸಾರ್ವಜನಿಕರಿಗೆ ತೆರೆದರೆ, ಗೂಗಲ್ 2016ರಲ್ಲಿ ಆಂಡ್ರಾಯ್ಡ್ ಬೀಟಾ ಯೋಜನೆಯನ್ನು ಆರಂಭಿಸಿತು. ಹೊಸ ಸೌಲಭ್ಯಗಳನ್ನು ಎಲ್ಲರಿಗಿಂತ ಮೊದಲೇ ಪಡೆಯುವ ಆಸೆಯಿಂದ ಇದನ್ನು ಅಳವಡಿಸಿಕೊಳ್ಳುವವರು ಅನೇಕರು. ವ್ಯವಹಾರಕ್ಕೆ ಅನಿವಾರ್ಯವಾದ ಸಾಧನಗಳಲ್ಲಿ ಬೀಟಾ ಅಳವಡಿಸಬಾರದೆಂದು ಆಪಲ್ ಸಂಸ್ಥೆಯೇ ತನ್ನ ಬೀಟಾ ಯೋಜನೆಯಲ್ಲಿ ತಿಳಿಸಿರುವುದು ಗಮನಾರ್ಹ.

ಬ್ಯಾಟರಿ ಬೇಗ ಖಾಲಿಯಾಗಲು ಕಾರಣಗಳು

ಮೊದಲನೆಯದು ತಾತ್ಕಾಲಿಕ ಕಾರಣ. ಯಾವುದೇ ನವೀಕರಣದ ನಂತರ ಫೋನ್ ತನ್ನಲ್ಲಿರುವ ಚಿತ್ರ, ಸಂದೇಶ, ಕಡತಗಳ ಸೂಚಿಯನ್ನು ಹೊಸದಾಗಿ ಸಿದ್ಧಪಡಿಸುತ್ತದೆ, ಆಪ್‌ಗಳನ್ನು ಹೊಸ ವ್ಯವಸ್ಥೆಗೆ ಹೊಂದಿಸುತ್ತದೆ. ಈ ಅವಧಿಯಲ್ಲಿ ಫೋನ್ ಬಿಸಿಯಾಗುವುದೂ ಚಾರ್ಜ್ ಬೇಗ ಇಳಿಯುವುದೂ ಸಹಜ. ಕೆಲವು ದಿನಗಳಲ್ಲಿ ಇದು ತಾನಾಗಿಯೇ ಸರಿಹೋಗುತ್ತದೆ.

ಎರಡನೆಯದು ಬೀಟಾ ಆವೃತ್ತಿಯ ಸ್ವಭಾವ. ಅದರಲ್ಲಿ ದೋಷಗಳನ್ನು ದಾಖಲಿಸುವ ಕಾರ್ಯ ಹಿನ್ನೆಲೆಯಲ್ಲಿ ನಡೆಯುತ್ತಿರುತ್ತದೆ. ವಿದ್ಯುತ್ ಉಳಿತಾಯದ ಹೊಂದಾಣಿಕೆ ಪೂರ್ಣಗೊಂಡಿರುವುದಿಲ್ಲ. ಬ್ಯಾಂಕಿಂಗ್ ಮುಂತಾದ ಆಪ್‌ಗಳು ಹೊಸ ವ್ಯವಸ್ಥೆಗೆ ಇನ್ನೂ ಒಗ್ಗಿರುವುದಿಲ್ಲ. ಇದು ಕಾದರೆ ಸರಿಹೋಗುವ ತೊಂದರೆಯಲ್ಲ; ಮುಂದಿನ ಆವೃತ್ತಿಯಲ್ಲಿ ನಿವಾರಣೆಯಾಗಬಹುದು ಅಥವಾ ಮರುಕಳಿಸಬಹುದು.

ಮೂರನೆಯದು ಬ್ಯಾಟರಿಯ ಸವಕಳಿ. ಆಪಲ್ ಪ್ರಕಾರ ಐಫೋನ್ 14 ಮತ್ತು ಅದಕ್ಕಿಂತ ಹಿಂದಿನ ಮಾದರಿಗಳ ಬ್ಯಾಟರಿ 500 ಪೂರ್ಣ ಚಾರ್ಜ್ ಆವರ್ತಗಳ ನಂತರ ಮೂಲ ಸಾಮರ್ಥ್ಯದ ಶೇ. 80ರಷ್ಟನ್ನು ಉಳಿಸಿಕೊಳ್ಳುವಂತೆ ರೂಪಿತವಾಗಿದೆ. ಐಫೋನ್ 15ರ ಸರಣಿಗೆ ಇದು 1000 ಆವರ್ತ. ಫೋನನ್ನು 35 ಡಿಗ್ರಿ ಸೆಲ್ಸಿಯಸ್‌ವರೆಗಿನ ವಾತಾವರಣದಲ್ಲಿ ಬಳಸಬೇಕೆಂಬುದು ಅದೇ ಸಂಸ್ಥೆಯ ಸಲಹೆ. ನಮ್ಮ ಭಾಗದ ಬೇಸಿಗೆ ಈ ಮಿತಿಯನ್ನು ಮೀರುತ್ತದೆ. ತಗಡಿನ ಶೆಡ್ಡು, ವಾಹನದ ಡ್ಯಾಶ್‌ಬೋರ್ಡ್‌ಗಳಲ್ಲಂತೂ ಶಾಖ ಇನ್ನೂ ಹೆಚ್ಚು. ಮೊದಲೇ ಸವೆದಿದ್ದ ಬ್ಯಾಟರಿಯ ದೌರ್ಬಲ್ಯ ನವೀಕರಣದ ಹೆಚ್ಚುವರಿ ಕೆಲಸದಿಂದ ಬಯಲಾಗುತ್ತದೆ.

ಅಂತಿಮ ಆವೃತ್ತಿಯೂ ಇದಕ್ಕೆ ಹೊರತಲ್ಲ. 2017ರಲ್ಲಿ ಆಪಲ್ ಹೊರತಂದ ನವೀಕರಣವು ಹಳೆಯ ಬ್ಯಾಟರಿಯುಳ್ಳ ಐಫೋನ್‌ಗಳ ವೇಗವನ್ನು ತಗ್ಗಿಸಿತ್ತು. ಬಳಕೆದಾರರಿಗೆ ಇದನ್ನು ತಿಳಿಸಲಿಲ್ಲವೆಂಬ ಕಾರಣಕ್ಕೆ ಫ್ರಾನ್ಸ್ 2020ರಲ್ಲಿ ಆ ಸಂಸ್ಥೆಗೆ 2.5 ಕೋಟಿ ಯೂರೋ ದಂಡ ವಿಧಿಸಿತು. 2025ರ ಜನವರಿಯಲ್ಲಿ ಗೂಗಲ್ ನೀಡಿದ ನವೀಕರಣವು ಕೆಲವು ಪಿಕ್ಸೆಲ್ 4ಎ ಫೋನ್‌ಗಳ ಬ್ಯಾಟರಿ ಸಾಮರ್ಥ್ಯವನ್ನೇ ಕಡಿಮೆ ಮಾಡಿತು.

ಮೊಬೈಲ್ ವರ್ತಕರ ಹೊಣೆ

ಚಾರ್ಜ್ ನಿಲ್ಲುವುದಿಲ್ಲವೆಂದು ಬಂದ ಗ್ರಾಹಕರಿಗೆ ತಕ್ಷಣ ಹೊಸ ಬ್ಯಾಟರಿ ಹಾಕಿಕೊಡುವುದು ಸುಲಭ. ಆದರೆ ದೋಷ ತಂತ್ರಾಂಶದಲ್ಲಿದ್ದರೆ ವಾರದೊಳಗೆ ಅದೇ ದೂರು ಮರಳಿ ಬರುತ್ತದೆ; ಗ್ರಾಹಕರ ಹಣವೂ ಅಂಗಡಿಯ ವಿಶ್ವಾಸಾರ್ಹತೆಯೂ ಹಾಳು. ಇತ್ತೀಚೆಗೆ ನವೀಕರಣವಾಯಿತೇ, ಅದು ಬೀಟಾ ಆವೃತ್ತಿಯೇ ಎಂದು ಮೊದಲು ವಿಚಾರಿಸಬೇಕು. ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿಯ ಆರೋಗ್ಯದ ಮಾಹಿತಿ ದೊರೆತರೆ ಅದನ್ನೂ, ಯಾವ ಆಪ್ ಎಷ್ಟು ಚಾರ್ಜ್ ಬಳಸುತ್ತಿದೆ ಎಂಬುದನ್ನೂ ಪರಿಶೀಲಿಸಬೇಕು. ಸಾಮರ್ಥ್ಯ ಶೇ. 80ಕ್ಕಿಂತ ಕೆಳಗಿಳಿದಿದ್ದರೆ ಬದಲಾವಣೆ ಸಮಂಜಸ. ಬ್ಯಾಟರಿ ಉಬ್ಬಿದ್ದರೆ ಮಾತ್ರ ಕಾಯದೆ ಬಳಕೆ ನಿಲ್ಲಿಸಿ ಬದಲಾಯಿಸಲೇಬೇಕು.

ಪಾಲಿಸಬಹುದಾದ ಕ್ರಮಗಳು

1. ವ್ಯವಹಾರದ ಫೋನಿನಲ್ಲಿ ಬೀಟಾ ಅಳವಡಿಸಬಾರದು. ಕುತೂಹಲವಿದ್ದಲ್ಲಿ ಹಳೆಯ, ಹೆಚ್ಚುವರಿ ಫೋನನ್ನು ಬಳಸಬಹುದು.

2. ಅಳವಡಿಸುವ ಮೊದಲೇ ಬ್ಯಾಕಪ್ ಮಾಡಿಟ್ಟುಕೊಳ್ಳಬೇಕು. ಬೀಟಾದಲ್ಲಿ ತೆಗೆದ ಐಫೋನ್ ಬ್ಯಾಕಪ್ ಹಳೆಯ ಆವೃತ್ತಿಗೆ ಹೊಂದದಿರಬಹುದು. ಆಂಡ್ರಾಯ್ಡ್ ಬೀಟಾದಿಂದ ಹಿಂದಿನ ಆವೃತ್ತಿಗೆ ಮರಳುವಾಗ ಸಾಮಾನ್ಯವಾಗಿ ಫೋನಿನ ಎಲ್ಲ ಮಾಹಿತಿ ಅಳಿಸಿಹೋಗುತ್ತದೆ.

3. ಈಗಾಗಲೇ ಅಳವಡಿಸಿದ್ದರೆ ಆತುರಪಟ್ಟು ಹಿಂದಿನ ಆವೃತ್ತಿಗೆ ಮರಳದೆ, ಬೀಟಾ ಯೋಜನೆಯಿಂದ ಹೊರಬಂದು ಅಂತಿಮ ಆವೃತ್ತಿ ಬರುವವರೆಗೆ ಕಾಯುವುದು ಲೇಸು.

4. ಇ-ವೇ ಬಿಲ್ ಜಾಲತಾಣದಲ್ಲಿ ನಂಬಿಕಸ್ಥ ಸಿಬ್ಬಂದಿಯನ್ನು ಉಪ-ಬಳಕೆದಾರರಾಗಿ ನೋಂದಾಯಿಸಿದರೆ ಅವರ ಮೊಬೈಲಿಗೇ ಪ್ರತ್ಯೇಕ ಒಟಿಪಿ ಬರುತ್ತದೆ. ಮಾಲೀಕರ ಒಂದು ಫೋನಿಗಾಗಿ ಲಾರಿ ಕಾಯಬೇಕಾಗುವುದಿಲ್ಲ.

5. ತೆಗೆದ ಹಳೆಯ ಬ್ಯಾಟರಿಯನ್ನು ಕಸಕ್ಕೆ ಎಸೆಯದೆ, 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ಸಂಗ್ರಹಣೆಗೆ ಒಪ್ಪಿಸತಕ್ಕದ್ದು.

ಕಾರ್ಖಾನೆಯಲ್ಲಿ ಉತ್ಪಾದನೆ ನಡೆಯುತ್ತಿರುವ ಯಂತ್ರದ ಮೇಲೆ ಯಾವ ಉದ್ಯಮಿಯೂ ಪ್ರಯೋಗಕ್ಕೆ ಕೈಹಾಕುವುದಿಲ್ಲ. ಲೆಕ್ಕಪತ್ರ, ಪಾವತಿ, ಸಾಗಾಣಿಕೆ ಮೂರಕ್ಕೂ ಆಧಾರವಾಗಿರುವ ಫೋನಿನ ವಿಷಯದಲ್ಲಿಯೂ ಅದೇ ವಿವೇಚನೆಯನ್ನು ಅನುಸರಿಸುವುದು ವರ್ತಕರಿಗೂ ಸಣ್ಣ ಉದ್ದಿಮೆದಾರರಿಗೂ ಹಿತಕರ.