ಜನಪದ ಗೀತೆಗಳ ಧ್ವನಿಸುರುಳಿ ಮತ್ತು ಡಿಜಿಟಲೀಕರಣ: ಮೂಲಪ್ರತಿಯ ಪ್ರಶ್ನೆ

ಬಿ.ಎಲ್. ರೈಸ್ ಅವರು 1889ರಲ್ಲಿ ಶ್ರವಣಬೆಳಗೊಳದ ಶಾಸನಗಳನ್ನು ಪ್ರಕಟಿಸಿದಾಗ ಅವುಗಳ ಸಂಖ್ಯೆ 144. ಆರ್. ನರಸಿಂಹಾಚಾರ್ಯರು 1923ರಲ್ಲಿ ಹೊರತಂದ ಪರಿಷ್ಕೃತ ಆವೃತ್ತಿಯಲ್ಲಿ ಅದು 500ಕ್ಕೇರಿತು. ಇಂತಹ ಪರಿಷ್ಕರಣ ಸಾಧ್ಯವಾದುದು ಕಲ್ಲು ಇದ್ದಲ್ಲಿಯೇ ಉಳಿದಿದ್ದರಿಂದ. ಅನುಮಾನ ಬಂದಾಗ ವಿದ್ವಾಂಸರು ಮತ್ತೆ ಬೆಟ್ಟ ಹತ್ತಿ ನೋಡಬಹುದಾಗಿತ್ತು. ಅದೇ ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ, ಹಾಗೆಯೇ ಹಾಸನ, ಹೊಳೆನರಸೀಪುರ, ಅರಕಲಗೂಡು ತಾಲ್ಲೂಕುಗಳಲ್ಲಿ ಸಂಶೋಧಕರು ಕ್ಯಾಸೆಟ್ಟುಗಳಿಗೆ ಇಳಿಸಿಕೊಂಡ ಸೋಬಾನೆ, ಕೋಲಾಟದ ಪದ, ತತ್ತ್ವಪದಗಳಿಗೆ ಆ ಭದ್ರತೆಯಿಲ್ಲ. ಹಾಡಿದವರಲ್ಲಿ ಹಲವರು ಇಂದಿಲ್ಲ, ಸುರುಳಿ ಸವೆಯುತ್ತಿದೆ, ಅದನ್ನು ನುಡಿಸುವ ಯಂತ್ರವೂ ಅಪರೂಪವಾಗುತ್ತಿದೆ. ಆದ್ದರಿಂದ ಈಗ ನಾವು ಮಾಡುವ ಡಿಜಿಟಲ್ ಪ್ರತಿಯೇ ಮುಂದಿನವರಿಗೆ ಮೂಲಪ್ರತಿಯಾಗಲಿದೆ. ಆ ಪ್ರತಿಯ ಸ್ವರೂಪ ಹೇಗಿರಬೇಕೆಂಬುದನ್ನು ಗ್ರಂಥಸಂಪಾದನೆಯ ದೃಷ್ಟಿಯಿಂದ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹಾಸನ ಜಿಲ್ಲೆಗೆ ಜನಪದ ಗೀತೆಗಳ ಸಂಗ್ರಹದ ದೀರ್ಘ ಪರಂಪರೆಯಿದೆ. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ 'ಹಳ್ಳಿಯ ಹಾಡುಗಳು' ಈ ದಿಸೆಯ ಆರಂಭದ ಪ್ರಯತ್ನಗಳಲ್ಲಿ ಒಂದು. ಆ ಕಾಲದ ಸಂಗ್ರಹಗಳಿಂದ ನಮಗೆ ದೊರೆಯುವುದು ಅಕ್ಷರರೂಪ ಮಾತ್ರ. ಕ್ಯಾಸೆಟ್ ಬಂದ ಮೇಲೆ ಪಲ್ಲವಿಯ ಆವರ್ತನೆ, ಸೊಲ್ಲು ಹಿಡಿಯುವವರ ಕ್ರಮ, ಉಚ್ಚಾರಣೆಯ ಪ್ರಾದೇಶಿಕತೆ ಇವೆಲ್ಲವೂ ಪಠ್ಯದ ಭಾಗವಾದವು. ಡಿಜಿಟಲೀಕರಣದಲ್ಲಿ ಅಪಾಯಕ್ಕೆ ಸಿಲುಕುವುದೂ ಇವೇ.

ಇದಕ್ಕೆ ನನ್ನದೇ ತಪ್ಪೊಂದನ್ನು ನಿದರ್ಶನವಾಗಿ ಹೇಳಬಹುದು. ನಿವೃತ್ತ ಅಧ್ಯಾಪಕರೊಬ್ಬರು ನನ್ನ ಸಂಶೋಧನೆಗೆಂದು ಕೊಟ್ಟ ಕ್ಯಾಸೆಟ್ಟುಗಳಲ್ಲಿ ಒಂದನ್ನು, ಜಾಗ ಉಳಿಯಲೆಂದು, 64 ಕಿಲೋಬಿಟ್ಟಿನ ಎಂಪಿ3 ಕಡತವಾಗಿ ಪರಿವರ್ತಿಸಿದೆ. ಕೇಳಲು ಹಿತವಾಗಲೆಂದು 'ಸರ್' ಎನ್ನುವ ಸದ್ದನ್ನೂ ತಂತ್ರಾಂಶದಿಂದ ತೆಗೆದೆ. ಕೆಲವು ತಿಂಗಳ ನಂತರ ಆ ಸುರುಳಿ ಯಂತ್ರಕ್ಕೆ ಸಿಕ್ಕಿ ಹರಿಯಿತು. ಈಗ ಒಂದು ಸೊಲ್ಲಿನಲ್ಲಿ ಗಾಯಕಿ 'ಹಾಲು' ಎಂದರೋ 'ಆಲು' ಎಂದರೋ ನಿರ್ಣಯಿಸಲು ಬರುವುದಿಲ್ಲ. ಹಕಾರವು ಮೂಲತಃ ಉಸಿರಿನ ಸದ್ದು. ತಂತ್ರಾಂಶಕ್ಕೆ ಅದೂ ಸುರುಳಿಯ ಸದ್ದೂ ಒಂದೇ. ಹಳೆಯ ಮೈಸೂರು ಭಾಗದ ಆಡುನುಡಿಯಲ್ಲಿ ಹಕಾರಲೋಪವನ್ನು ಗುರುತಿಸಬೇಕಾದ ಅಧ್ಯಯನಕ್ಕೆ ಆ ಕಡತ ಇನ್ನು ಆಕರವಾಗದು.

ಎಂಪಿ3 ಕ್ರಮವು ಗಟ್ಟಿಯಾದ ಧ್ವನಿಯ ಮರೆಯಲ್ಲಿ ಕಿವಿಗೆ ಬೀಳದೆಂದು ಲೆಕ್ಕ ಹಾಕಿದ ಸೂಕ್ಷ್ಮ ಧ್ವನಿಗಳನ್ನು ಕೈಬಿಟ್ಟು ಕಡತವನ್ನು ಕಿರಿದುಗೊಳಿಸುತ್ತದೆ. ಹಳೆಯ ಸುರುಳಿಯಲ್ಲಿ ಇನ್ನೊಂದು ತೊಡಕೂ ಇದೆ. ಹಿನ್ನೆಲೆಯ ಸದ್ದಿಗೆ ನಿಯತ ಕ್ರಮವಿಲ್ಲದ ಕಾರಣ ಅದನ್ನು ಕಿರಿದುಗೊಳಿಸುವುದು ಕಷ್ಟ. ಇರುವ ಅಲ್ಪ ಅವಕಾಶದ ಬಹುಭಾಗವನ್ನು ಅದೇ ಕಬಳಿಸುತ್ತದೆ. ಎಂಪಿ3 ಕಡತವನ್ನು ತಿದ್ದಿ ಮತ್ತೆ ಎಂಪಿ3 ಆಗಿ ಉಳಿಸಿದಾಗಲೆಲ್ಲ ನಷ್ಟ ಬೆಳೆಯುತ್ತದೆ. ಪ್ರತಿಯಿಂದ ಪ್ರತಿಗೆ ಲಿಪಿಕಾರರ ಸ್ಖಾಲಿತ್ಯಗಳು ಸೇರುತ್ತ ಹೋಗುವುದನ್ನು ಬಲ್ಲ ನಮಗೆ ಇದು ಹೊಸ ಸಂಗತಿಯೇನಲ್ಲ. ಅಂತಹ ಕಡತವನ್ನು ಅನಂತರ ವೇವ್ ರೂಪಕ್ಕೆ ತಿರುಗಿಸಿದರೆ ಗಾತ್ರ ಹಿಗ್ಗುತ್ತದೆಯೇ ಹೊರತು ಹೋದುದು ಮರಳುವುದಿಲ್ಲ.

ಹಾಗಾದರೆ ಮೂಲಪ್ರತಿ ಯಾವುದಾಗಿರಬೇಕು? ಅಂತರರಾಷ್ಟ್ರೀಯ ಧ್ವನಿ ಸಂಗ್ರಹಾಲಯಗಳ ಸಂಘವು (ಐಎಎಸ್‌ಎ) ಕನಿಷ್ಠ 48 ಕಿಲೋಹರ್ಟ್ಸ್ ಮಾದರಿ ದರ, 24 ಬಿಟ್ ಆಳ ಹಾಗೂ ವೇವ್ ರೂಪವನ್ನು ಶಿಫಾರಸು ಮಾಡುತ್ತದೆ. 96 ಕಿಲೋಹರ್ಟ್ಸ್ ಆದರೆ ಇನ್ನೂ ಒಳಿತೆನ್ನುತ್ತದೆ. 48 ಕಿಲೋಹರ್ಟ್ಸ್ ದರವು ಸುಮಾರು 24 ಕಿಲೋಹರ್ಟ್ಸ್ ವರೆಗಿನ ಧ್ವನಿಯನ್ನು ಹಿಡಿಯಬಲ್ಲದು. ಮನುಷ್ಯನ ಕಿವಿಯ ಮಿತಿ ಸುಮಾರು 20. ಕ್ಷೇತ್ರಕಾರ್ಯದ ಕ್ಯಾಸೆಟ್ಟಿನ ಮಿತಿ ಅದಕ್ಕಿಂತ ಕಡಿಮೆ. ಆದ್ದರಿಂದ ನಮ್ಮ ಸಂಗ್ರಹಗಳಿಗೆ 48 ಸಾಕೆಂಬುದು ನನ್ನ ಅಭಿಪ್ರಾಯ. 24 ಬಿಟ್ ಆಳವನ್ನು ಮಾತ್ರ ಬಿಡಬಾರದು. ಹಾಡಿನ ನಡುವೆ ತಮಟೆ ಒಮ್ಮೆಲೇ ಮೊಳಗಿದರೆ ಧ್ವನಿ ಒಡೆಯದಂತೆ ಮಟ್ಟವನ್ನು ತಗ್ಗಿಸಿಟ್ಟುಕೊಳ್ಳಲು ಅದು ಎಡೆಗೊಡುತ್ತದೆ, ಮೆಲುದನಿಯೂ ಕೆಡುವುದಿಲ್ಲ.

ಗಾತ್ರದ ಭಯವೂ ಈಗ ಅನಗತ್ಯ. ಈ ಕ್ರಮದಲ್ಲಿ 60 ನಿಮಿಷದ ಒಂದು ಕ್ಯಾಸೆಟ್ಟಿಗೆ, ಎರಡು ವಾಹಿನಿಗಳಲ್ಲಿ, ಸುಮಾರು 1 ಗಿಗಾಬೈಟ್ ಬೇಕು; 128 ಕಿಲೋಬಿಟ್ಟಿನ ಎಂಪಿ3ಗೆ ಸುಮಾರು 58 ಮೆಗಾಬೈಟ್. ಅಂತರ ದೊಡ್ಡದೇ. ಆದರೂ 1 ಟೆರಾಬೈಟಿನ ಒಂದು ಡಿಸ್ಕಿನಲ್ಲಿ 900ಕ್ಕೂ ಹೆಚ್ಚು ಕ್ಯಾಸೆಟ್ಟುಗಳು ಹಿಡಿಯುತ್ತವೆ. ಅಷ್ಟೂ ಸ್ಥಳವಿಲ್ಲದವರು ಫ್ಲ್ಯಾಕ್ ರೂಪವನ್ನು ಬಳಸಬಹುದು. ಅದು ಗಾತ್ರವನ್ನು ತಗ್ಗಿಸಿದರೂ ಬಿಚ್ಚಿದಾಗ ಮೂಲದ ಒಂದು ಬಿಟ್ಟೂ ವ್ಯತ್ಯಾಸವಾಗದು. ಎಂಪಿ3 ತ್ಯಾಜ್ಯವೆಂದು ಇದರ ಅರ್ಥವಲ್ಲ. ತರಗತಿಯಲ್ಲಿ ಕೇಳಿಸಲು, ಹಾಡಿದವರ ಮನೆಯವರ ಮೊಬೈಲಿಗೆ ಕಳುಹಿಸಲು 128 ಅಥವಾ 192 ಕಿಲೋಬಿಟ್ಟಿನ ಪ್ರತಿ ಧಾರಾಳವಾಗಿ ಸಾಲುತ್ತದೆ. ಅದನ್ನು ಮೂಲಪ್ರತಿಯಿಂದ ಯಾವಾಗ ಬೇಕಾದರೂ ಪಡೆಯಬಹುದು; ಅದರಿಂದ ಮೂಲಪ್ರತಿಯನ್ನು ಪಡೆಯಲಾಗದು.

ರೂಪದ ಆಯ್ಕೆಗಿಂತ ಮೊದಲು ಸುರುಳಿಯನ್ನು ಸರಿಯಾಗಿ ನುಡಿಸಬೇಕಾದುದು ಮುಖ್ಯ. ಯಂತ್ರದ ಹೆಡ್ಡನ್ನು ಶುಚಿಗೊಳಿಸಿ, ಅದರ ಕೋನವನ್ನು ಆಯಾ ಸುರುಳಿಗೆ ಹೊಂದಿಸಬೇಕು. ಕೋನ ತಪ್ಪಿದರೆ ಮೊದಲು ಮಂಕಾಗುವುದು ಸಕಾರ, ಶಕಾರಗಳೇ. ಇಲ್ಲಿ ಆದ ಲೋಪವನ್ನು 96 ಕಿಲೋಹರ್ಟ್ಸ್ ಕೂಡ ತುಂಬಿಕೊಡದು. ಸದ್ದು ತೆಗೆಯುವುದು, ಮಟ್ಟ ಏರಿಸುವುದು ಮುಂತಾದ ಪರಿಷ್ಕಾರಗಳನ್ನು ಬೇರೊಂದು ಪ್ರತಿಯಲ್ಲಿ ಮಾಡಬೇಕು. ಸಂಪಾದಕನು ತನ್ನ ತಿದ್ದುಪಡಿಯನ್ನು ಓಲೆಗರಿಯ ಮೇಲೆಯೇ ಬರೆಯುವುದಿಲ್ಲವಷ್ಟೆ. ಹಾಡಿದವರ ಹೆಸರು, ಊರು, ತಾಲ್ಲೂಕು, ದಿನಾಂಕ, ಬಳಸಿದ ಯಂತ್ರ ಇವುಗಳನ್ನು ಕಡತದೊಂದಿಗೇ ದಾಖಲಿಸಿ, ಮೂರು ಪ್ರತಿಗಳನ್ನು ಮಾಡಿ, ಒಂದನ್ನಾದರೂ ಬೇರೆ ಊರಿನಲ್ಲಿ ಇಡುವುದು ಕ್ಷೇಮ. ಕ್ಯಾಸೆಟ್ಟನ್ನೂ ಎಸೆಯಬಾರದು.

ಒಟ್ಟಾರೆ, ಮಾದರಿ ದರ, ಬಿಟ್ ಆಳಗಳ ಆಯ್ಕೆ ತಂತ್ರಜ್ಞರಿಗೆ ಒಪ್ಪಿಸಿ ಸುಮ್ಮನಾಗುವ ವಿಷಯವಲ್ಲ. ಅದು ಪಾಠನಿರ್ಣಯದ ಮೊದಲ ಹಂತ. ನಮ್ಮ ವಿಭಾಗಗಳ ಬೀರುಗಳಲ್ಲಿ, ನಿವೃತ್ತ ಅಧ್ಯಾಪಕರ ಮನೆಗಳ ಅಟ್ಟದಲ್ಲಿ ಉಳಿದಿರುವ ಸುರುಳಿಗಳನ್ನು ಬಹುಶಃ ಇನ್ನೊಮ್ಮೆ ಮಾತ್ರ ನುಡಿಸಲು ಸಾಧ್ಯ. ಆ ಒಂದು ಸಲ ಹಿಡಿದುಕೊಳ್ಳುವ ಧ್ವನಿ, ಮುಂದಿನ ಸಂಶೋಧಕರು ನಮ್ಮ ಓದನ್ನು ತಿದ್ದಲು ಸಾಧ್ಯವಾಗುವಷ್ಟು ಸಮಗ್ರವಾಗಿರಬೇಕು.